ಲೋಕದ ಮಕ್ಕಳು ಕಾಯ್ದ ಕಡಲ ದಂಡೆ

ಈಚಿನ ವರ್ಷಗಳಲ್ಲಿ ನಮ್ಮ ಮುಂಬಯಿಯಲ್ಲಾಗಲಿ, ಪುಣೆ-ಹೈದರಾಬಾದುಗಳಲ್ಲಾಗಲಿ ‘ಇಂಟರ್‌ನ್ಯಾಶನಲ್ ಸ್ಕೂಲ್’ ಎಂಬ ಫಲಕವಿಲ್ಲದ ಬಡಾವಣೆಯನ್ನು ಹುಡುಕುವುದೇ ಕಷ್ಟ. ಸಂಘದ ಕಾರ್ಯಕ್ರಮ ಮುಗಿದು ನಾಲ್ಕು ಮಂದಿ ತಂದೆತಾಯಿಯರು ಒಂದೆಡೆ ನಿಂತರೆ ಮಾತು ಅಲ್ಲಿಗೇ ಹೊರಳುತ್ತದೆ. ಮಗುವನ್ನು ಯಾವ ಬೋರ್ಡಿಗೆ ಸೇರಿಸುವುದು, ಫೀಸು ಎಷ್ಟು, ಡೊನೇಶನ್ ಎಷ್ಟು, ಮುಂದೆ ಹೊರದೇಶಕ್ಕೆ ಹೋಗಲು ಯಾವುದು ಅನುಕೂಲ? ಈ ಪ್ರಶ್ನೆಗಳನ್ನು ಕೇಳಬಾರದೆಂದು ಯಾರೂ ಹೇಳಲಾರರು. ಆದರೆ ‘ಅಂತರರಾಷ್ಟ್ರೀಯ ಶಾಲೆ’ ಎಂಬ ಮಾತಿಗೆ ಒಂದು ಚರಿತ್ರೆಯಿದೆ. ಅದನ್ನು ಓದುತ್ತ ಹೋದರೆ, ಈ ಬಗೆಯ ಶಾಲೆಗಳನ್ನು ಆರಂಭಿಸಿದವರು ಇಟ್ಟುಕೊಂಡಿದ್ದ ಅಳತೆಗೋಲೇ ಬೇರೆಯಾಗಿತ್ತು ಎಂದು ತಿಳಿಯುತ್ತದೆ. ಶಾಲೆಯೊಳಗೆ ಎಷ್ಟು ದೇಶದ ಮಕ್ಕಳಿದ್ದಾರೆ ಎಂಬುದರ ಜೊತೆಗೆ, ಶಾಲೆಯ ಗೋಡೆಯ ಹೊರಗಿನ ಜನಕ್ಕೆ ಅವರಿಂದ ಏನು ಉಪಕಾರವಾಯಿತು ಎಂದೂ ಅವರು ಕೇಳುತ್ತಿದ್ದರು. ಆ ಚರಿತ್ರೆಯ ಒಂದು ಅಧ್ಯಾಯವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವರ್ಗಾವಣೆಯಿಂದ ಹುಟ್ಟಿದ ಶಾಲೆ

ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ರಾಷ್ಟ್ರಸಂಘವೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ನೆಲೆಗೊಂಡವು. ಅಲ್ಲಿ ಕೆಲಸ ಮಾಡಲು ನಾನಾ ದೇಶಗಳಿಂದ ನೌಕರರು ಸಂಸಾರ ಸಮೇತ ಬಂದರು. ಮಕ್ಕಳು ಯಾವ ಶಾಲೆಗೆ ಹೋಗಬೇಕು, ಯಾವ ಪಠ್ಯ ಓದಬೇಕು, ಅಪ್ಪನಿಗೆ ಮತ್ತೆ ವರ್ಗವಾದರೆ ಗತಿಯೇನು ಎಂಬ ಚಿಂತೆ ಅವರದು. ಈ ಚಿಂತೆಯ ಪರಿಹಾರವಾಗಿ 1924ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಶಾಲೆ ಆರಂಭವಾಯಿತು. ಕೇಂದ್ರ ಸರಕಾರದ ಗುಮಾಸ್ತನಾದ ನನಗೆ ಇದನ್ನು ಅರ್ಥ ಮಾಡಿಕೊಳ್ಳಲು ಹೆಚ್ಚಿನ ಪಾಂಡಿತ್ಯ ಬೇಕಾಗಲಿಲ್ಲ. ನಮ್ಮ ದೇಶದಲ್ಲೂ ಎರಡನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ, ವರ್ಗಾವಣೆಯಾಗುವ ನೌಕರರ ಮಕ್ಕಳಿಗಾಗಿ 1963ರಲ್ಲಿ ‘ಸೆಂಟ್ರಲ್ ಸ್ಕೂಲು’ಗಳು ಆರಂಭವಾದವು. ಅವೇ ಇಂದಿನ ಕೇಂದ್ರೀಯ ವಿದ್ಯಾಲಯಗಳು. ಊರು ಬದಲಾದರೂ ಪಾಠ ಬದಲಾಗಬಾರದು ಎಂಬುದೇ ಎರಡೂ ಕಡೆಯ ಮೂಲ ವಿಚಾರ.

ಆದರೆ ಒಂದೇ ಪಾಠ, ಒಂದೇ ಪರೀಕ್ಷೆ ಎಂಬಲ್ಲಿಗೆ ಮಾತು ಮುಗಿದಿದ್ದರೆ ಅದು ಕೇವಲ ಆಡಳಿತದ ಸೌಕರ್ಯವಾಗುತ್ತಿತ್ತು. ಅದಕ್ಕೆ ಜೀವ ತುಂಬಿದ ಇನ್ನೊಂದು ಧಾರೆ ಜರ್ಮನಿಯಿಂದ ಬಂತು.

ಕುರ್ಟ್ ಹಾನ್ ಎಂಬ ಮೇಷ್ಟ್ರು

ಕುರ್ಟ್ ಹಾನ್ 1886ರಲ್ಲಿ ಬರ್ಲಿನ್ನಿನ ಒಂದು ಯಹೂದಿ ಮನೆತನದಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲೂ ಓದಿದರು. ಮೊದಲ ಮಹಾಯುದ್ಧದ ಕೊನೆಯಲ್ಲಿ ಜರ್ಮನ್ ಸಾಮ್ರಾಜ್ಯದ ಕಟ್ಟಕಡೆಯ ಚಾನ್ಸಲರುಗಳಲ್ಲಿ ಒಬ್ಬರಾದ ಬಾಡೆನ್ನಿನ ರಾಜಕುಮಾರ ಮ್ಯಾಕ್ಸ್ ಅವರಿಗೆ ಆಪ್ತ ಕಾರ್ಯದರ್ಶಿಯಾಗಿದ್ದರು. ಸೋತು ಕಂಗೆಟ್ಟ ದೇಶದ ಎಳೆಯರನ್ನು ಹೊಸದಾಗಿ ಬೆಳೆಸಬೇಕೆಂದು ಇಬ್ಬರೂ ಸೇರಿ 1920ರಲ್ಲಿ ಸಾಲೆಮ್ ಎಂಬಲ್ಲಿ ಒಂದು ಶಾಲೆ ತೆರೆದರು. 1932ರಲ್ಲಿ ನಾಜಿ ಕಾರ್ಯಕರ್ತರು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಕಣ್ಣೆದುರಿಗೇ ತುಳಿದು ಕೊಂದಾಗ ಹಿಟ್ಲರ್ ಕೊಲೆಗಾರರ ಪರ ನಿಂತ. ಆಗ ಹಾನ್ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದು, ಸಾಲೆಮ್ಮೋ ಹಿಟ್ಲರನೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ನೇರವಾಗಿ ಕೇಳಿದರು. ಅದರ ಫಲವಾಗಿ 1933ರ ಮಾರ್ಚಿಯಲ್ಲಿ ಸೆರೆಮನೆ ಸೇರಿದರು. ಬ್ರಿಟನ್ನಿನ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡರ ಮಧ್ಯಪ್ರವೇಶದಿಂದ ಬಿಡುಗಡೆಯಾಗಿ ಬ್ರಿಟನ್ನಿಗೆ ವಲಸೆ ಹೋದರು.

ಊರು ಬಿಟ್ಟು ಬಂದವನು ಹೊಸ ಊರಿನಲ್ಲಿ ಸುಮ್ಮನೆ ಕೂರಲಾರ ಎಂಬುದು ನಮಗೆಲ್ಲ ಅನುಭವದ ಮಾತು. ಹಾನ್ 1934ರಲ್ಲಿ ಸ್ಕಾಟ್‌ಲೆಂಡಿನ ಕಡಲ ಬಳಿ ಗಾರ್ಡನ್‌ಸ್ಟನ್ ಶಾಲೆ ತೆರೆದರು. ಅಲ್ಲಿಯ ಹುಡುಗರು ಬಿರುಗಾಳಿಯ ರಾತ್ರಿಗಳಲ್ಲಿ ಸರದಿಯಂತೆ ಕಡಲನ್ನು ಕಾಯುತ್ತಿದ್ದರು. ಅಪಾಯಕ್ಕೆ ಸಿಕ್ಕ ಹಡಗು ಕಂಡರೆ ಸುದ್ದಿ ಮುಟ್ಟಿಸುತ್ತಿದ್ದರು. ಯುದ್ಧದ ನಡುವೆ 1941ರಲ್ಲಿ, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರ ನೆರವಿನಿಂದ ವೇಲ್ಸಿನ ಅಬರ್‌ಡವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ತರಬೇತಿ ಶಾಲೆಯನ್ನೂ ಹಾನ್ ಆರಂಭಿಸಿದರು. ಹಡಗು ಮುಳುಗಿದಾಗ ಹಳೆಯ ನಾವಿಕರು ಬದುಕುಳಿಯುತ್ತಿದ್ದರೆ ಗಟ್ಟಿಮುಟ್ಟಾದ ಎಳೆಯರು ಧೃತಿಗೆಟ್ಟು ಸಾಯುತ್ತಿದ್ದಾರೆಂಬ ಹೋಲ್ಟರ ಕಳವಳವೇ ಅದಕ್ಕೆ ಕಾರಣ.

ಯುದ್ಧಕ್ಕೆ ನೈತಿಕವಾದ ಬದಲಿಯೊಂದು ಬೇಕೆಂದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಹೇಳಿದ್ದರು. ಹಾನ್ ಅದನ್ನು ಬಹುವಾಗಿ ಮೆಚ್ಚಿಕೊಂಡಿದ್ದರು. ಯುದ್ಧ ಯುವಕರನ್ನು ಸೆಳೆಯುವುದು ಅದರಲ್ಲಿ ಸಾಹಸವಿದೆ, ತ್ಯಾಗವಿದೆ, ಜೊತೆಗಾರಿಕೆ ಇದೆ ಎಂಬ ಕಾರಣಕ್ಕೆ. ಇವೆಲ್ಲವೂ ಪ್ರಾಣ ಉಳಿಸುವ ಕೆಲಸದಲ್ಲೂ ಇವೆ. ಅದರ ಸೆಳೆತ ಯುದ್ಧದ ಸೆಳೆತಕ್ಕಿಂತ ಬಲವಾದದ್ದು ಎಂಬುದು ಅವರ ನಂಬಿಕೆ.

ಕೋಟೆಯೊಳಗೆ ಒಂದು ಕಾಲೇಜು

1955ರಲ್ಲಿ ಪ್ಯಾರಿಸಿನ ನ್ಯಾಟೋ ರಕ್ಷಣಾ ಕಾಲೇಜಿಗೆ ಹಾನ್ ಭಾಷಣಕ್ಕೆ ಹೋದರು. ಹತ್ತು ವರ್ಷ ಹಿಂದೆ ಒಬ್ಬರಿಗೊಬ್ಬರು ಗುಂಡು ಹೊಡೆಯುತ್ತಿದ್ದ ದೇಶಗಳ ಅಧಿಕಾರಿಗಳು ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಓದುತ್ತಿದ್ದರು. ನಡುವಯಸ್ಸಿನ ಸೈನಿಕರಿಗೆ ಇದು ಸಾಧ್ಯವಾದರೆ ಹದಿನಾರು-ಹದಿನೇಳರ ಹುಡುಗರಿಗೆ ಏಕೆ ಸಾಧ್ಯವಾಗಬಾರದು? ಆ ಕಾಲೇಜಿನ ಮುಖ್ಯಸ್ಥರಾಗಿದ್ದ ವಾಯುಪಡೆಯ ಲಾರೆನ್ಸ್ ಡಾರ್ವಲ್ ಈ ವಿಚಾರಕ್ಕೆ ಕೈಜೋಡಿಸಿದರು. ಶಾಲೆಗೆ ಜಾಗ ಬೇಕಾಗಿತ್ತು. ವೇಲ್ಸಿನ ದಕ್ಷಿಣ ತೀರದ ಸೇಂಟ್ ಡೊನಾಟ್ಸ್ ಎಂಬ ಹಳೆಯ ಕೋಟೆಯನ್ನು ಆಂಟೊನಿನ್ ಬೆಸ್ ಎಂಬವರು ಕೊಂಡು ದಾನ ಮಾಡಿದರು. ಈ ಹೆಸರು ನಮ್ಮ ಊರಿಗೆ ಅಪರಿಚಿತವೇನಲ್ಲ. ಇವರ ತಂದೆ ಕಟ್ಟಿದ ಏಡನ್ನಿನ ಎ. ಬೆಸ್ ಕಂಪನಿಯಲ್ಲಿಯೇ ಧೀರೂಭಾಯಿ ಅಂಬಾನಿಯವರು ಮುಂಬಯಿಗೆ ಬರುವ ಮುನ್ನ ನೌಕರಿ ಮಾಡುತ್ತಿದ್ದುದು.

1962ರ ಸೆಪ್ಟೆಂಬರಿನಲ್ಲಿ 56 ಹುಡುಗರೊಂದಿಗೆ ‘ಅಟ್ಲಾಂಟಿಕ್ ಕಾಲೇಜು’ ಆರಂಭವಾಯಿತು. ನೌಕಾಪಡೆಯಿಂದ ನಿವೃತ್ತರಾದ ರಿಯರ್ ಅಡ್ಮಿರಲ್ ಡೆಸ್ಮಂಡ್ ಹೋರ್ ಮೊದಲ ಮುಖ್ಯೋಪಾಧ್ಯಾಯರು. ಕಾಲೇಜೆಂದರೂ ಅದು ನಮ್ಮ ಹನ್ನೊಂದು-ಹನ್ನೆರಡನೆಯ ತರಗತಿಗಳಿಗೆ ಸಮ. ಮಧ್ಯಾಹ್ನದವರೆಗೆ ಓದು, ಅನಂತರ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ಸೇವೆ. ಸಮುದ್ರ ರಕ್ಷಣೆ, ಬಂಡೆಗಳ ಮೇಲಿಂದ ಸಿಕ್ಕಿಬಿದ್ದವರನ್ನು ಹಗ್ಗ ಕಟ್ಟಿ ಎತ್ತುವುದು, ಮರಳ ದಂಡೆಯ ಕಾವಲು, ಸುತ್ತಲ ಊರುಗಳ ವೃದ್ಧರ ಮತ್ತು ಅಂಗವಿಕಲರ ಸೇವೆ ಹೀಗೆ.

ಸಮುದ್ರ ರಕ್ಷಣೆ ಅಲ್ಲಿ ಆಟದ ಮಾತಲ್ಲ. ಕೋಟೆಯ ಎದುರಿಗಿರುವ ಬ್ರಿಸ್ಟಲ್ ಕಡಲ್ಗಾಲುವೆ ಜಗತ್ತಿನಲ್ಲಿಯೇ ಅತಿ ಹೆಚ್ಚು ಉಬ್ಬರವಿಳಿತವಿರುವ ಜಾಗಗಳಲ್ಲಿ ಒಂದು. ಅದರ ಮೇಲ್ಭಾಗದಲ್ಲಿ ನೀರಿನ ಮಟ್ಟ 12 ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಇಳಿತದ ಹೊತ್ತಿನಲ್ಲಿ ದಂಡೆಯಲ್ಲಿ ಅಡ್ಡಾಡಲು ಹೋದವರು ಉಬ್ಬರ ಬಂದಾಗ ಕಡಿದಾದ ಬಂಡೆಗೂ ನೀರಿಗೂ ನಡುವೆ ಸಿಕ್ಕಿಕೊಳ್ಳುವ ಅಪಾಯ ಯಾವಾಗಲೂ ಇದ್ದದ್ದೇ. ಬ್ರಿಟನ್ನಿನ ಜೀವರಕ್ಷಕ ದೋಣಿಗಳನ್ನು ನಡೆಸುವುದು ಸರಕಾರವಲ್ಲ, 1824ರಲ್ಲಿ ಸ್ಥಾಪಿತವಾದ ಒಂದು ಧರ್ಮಾರ್ಥ ಸಂಸ್ಥೆ. ಜನರ ದೇಣಿಗೆಯೇ ಅದರ ಬಂಡವಾಳ, ದೋಣಿಯೇರುವವರು ಬಹುಪಾಲು ಸ್ವಯಂಸೇವಕರು. ಆ ಸಂಸ್ಥೆ 1963ರಲ್ಲಿಯೇ ಈ ಕಾಲೇಜಿನಲ್ಲಿ ದಡದ ಬಳಿಯ ರಕ್ಷಣೆಗಾಗಿ ತನ್ನ ಕೇಂದ್ರವೊಂದನ್ನು ತೆರೆಯಿತು. ದೋಣಿ ನಡೆಸುವವರು ವಿದ್ಯಾರ್ಥಿಗಳು.

ಒಂದು ಪೌಂಡಿನ ದೋಣಿ

ಇಲ್ಲಿಂದ ಮುಂದಿನದು ವಿಜ್ಞಾನ ಓದಿದವರಿಗೆ ವಿಶೇಷವಾಗಿ ಹಿಡಿಸುವ ಕಥೆ. ಆಗ ಬಳಕೆಯಲ್ಲಿದ್ದ ದೋಣಿಗಳು ಎರಡು ಬಗೆ. ಗಾಳಿ ತುಂಬಿದ ರಬ್ಬರು ಬಟ್ಟೆಯ ದೋಣಿ ಹಗುರ, ಮುಳುಗುವುದಿಲ್ಲ, ನೀರಿನಲ್ಲಿರುವವನಿಗೆ ತಾಗಿದರೆ ಪೆಟ್ಟಾಗುವುದಿಲ್ಲ. ಆದರೆ ಅದರ ತಳ ಮೆತ್ತಗೆ. ಅಲೆ ಬಂದರೆ ಮಡಚಿಕೊಳ್ಳುತ್ತದೆ. ಕಲ್ಲುದಂಡೆಯ ಮೇಲೆ ಎಳೆದೆಳೆದು ಬಟ್ಟೆ ಸವೆಯುತ್ತದೆ. ಮರದ ದೋಣಿಯಾದರೋ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಆದರೆ ಭಾರ ಹೆಚ್ಚು, ಬಂಡೆಗೆ ಬಡಿದರೆ ಒಡೆಯುತ್ತದೆ. ಹೋರ್ ಮತ್ತು ಅವರ ವಿದ್ಯಾರ್ಥಿಗಳು ಎರಡರ ಗುಣವನ್ನೂ ಒಂದುಗೂಡಿಸಲು ಹೊರಟರು. ಪ್ಲೈವುಡ್ಡಿನ ಗಟ್ಟಿ ತಳ, ಅದರ ಸುತ್ತ ಗಾಳಿ ತುಂಬಿದ ಕೊಳವೆ. ಕಾಲೇಜಿನ ಕಾರ್ಯಾಗಾರದಲ್ಲಿ ಒಂದಾದ ಮೇಲೊಂದು ದೋಣಿ ಕಟ್ಟುವುದು, ಕಡಲಿಗೆ ಇಳಿಸುವುದು, ಎಲ್ಲಿ ಕೆಟ್ಟಿತೆಂದು ನೋಡಿ ಮುಂದಿನದನ್ನು ತಿದ್ದುವುದು ಹೀಗೆ ವರ್ಷಗಟ್ಟಲೆ ನಡೆಯಿತು. ಪ್ರಯೋಗಶಾಲೆ ಎಂದರೆ ಇದೇ ಅಲ್ಲವೇ? ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆಯುವ ಕೆಲಸವನ್ನು ಅಲ್ಲಿ ಸಮುದ್ರವೇ ಮಾಡುತ್ತಿತ್ತು.

ಜೀವರಕ್ಷಕ ಸಂಸ್ಥೆ ಈ ವಿನ್ಯಾಸವನ್ನು ತೆಗೆದುಕೊಂಡು ಇನ್ನಷ್ಟು ತಿದ್ದಿ, 1972ರಲ್ಲಿ ‘ಅಟ್ಲಾಂಟಿಕ್ 21’ ಎಂಬ ದೋಣಿಯನ್ನು ಸೇವೆಗೆ ಇಳಿಸಿತು. ಅಟ್ಲಾಂಟಿಕ್ ಎಂಬುದು ಕಾಲೇಜಿನ ಹೆಸರು, 21 ಎಂಬುದು ದೋಣಿಯ ಉದ್ದ, ಅಡಿಗಳಲ್ಲಿ. ವಿನ್ಯಾಸದ ಹಕ್ಕನ್ನು ಹೋರ್ ಹೆಸರಿಗೆ ಮಾತ್ರ ಎಂಬಂತೆ ಒಂದು ಪೌಂಡಿಗೆ ಬಿಟ್ಟುಕೊಟ್ಟರು. ಇವತ್ತು ಜಗತ್ತಿನ ನೌಕಾಪಡೆಗಳು, ಕರಾವಳಿ ಕಾವಲು ಪಡೆಗಳು, ರಕ್ಷಣಾ ತಂಡಗಳು ಬಳಸುವ ಗಟ್ಟಿತಳದ ಗಾಳಿದೋಣಿಗಳಿಗೆ ಮಾದರಿಯಾದವುಗಳಲ್ಲಿ ಆ ಹುಡುಗರು ಕಟ್ಟಿದ ದೋಣಿ ಮುಖ್ಯವಾದದ್ದು. ನಮ್ಮ ಭಾರತೀಯ ನೌಕಾಪಡೆಯೂ ಕರಾವಳಿ ಕಾವಲು ಪಡೆಯೂ ಇಂಥ ದೋಣಿಗಳನ್ನು ಬಳಸುತ್ತವೆ. ಹಕ್ಕನ್ನು ಮಾರಿ ಹಣ ಮಾಡಿಕೊಂಡಿದ್ದರೆ ಅಷ್ಟು ಜೀವಗಳು ಅಷ್ಟು ಬೇಗ ಉಳಿಯುತ್ತಿದ್ದವೇ?

ಕಾಲೇಜಿಗೆ 1967ರಲ್ಲಿ ಹೆಣ್ಣುಮಕ್ಕಳೂ ಬಂದರು. ಎರಡೇ ವರ್ಷದಲ್ಲಿ, ಅಂದರೆ 1969ರಲ್ಲಿ, ನಾರ್ವೆಯ ಎಲಿಜಬೆತ್ ಹಾಸ್ಟ್‌ವೆಟ್ ಎಂಬ 18 ವರ್ಷದ ವಿದ್ಯಾರ್ಥಿನಿ ಆ ಸಂಸ್ಥೆಯ ದಡರಕ್ಷಕ ದೋಣಿಯ ನಾಯಕತ್ವಕ್ಕೆ ಅರ್ಹತೆ ಪಡೆದ ಮೊದಲ ಮಹಿಳೆಯಾದಳು. ಗಂಡಸರದೇ ಎಂದು ತಿಳಿದಿದ್ದ ಒಂದು ಕೆಲಸದ ಬಾಗಿಲನ್ನು ಹೊರದೇಶದ ಹುಡುಗಿಯೊಬ್ಬಳು ಹೀಗೆ ತೆರೆದಳು.

ಮಕ್ಕಳಿಗೆ ದಕ್ಕಿದ್ದೇನು?

ತೀರದ ಜನರಿಗೆ ಆದ ಉಪಕಾರ ಕಣ್ಣಿಗೆ ಕಾಣುವಂಥದು. ಮಕ್ಕಳಿಗೆ ಆದ ಲಾಭ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಬೇರೆ ಬೇರೆ ದೇಶದ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಸ್ನೇಹ ಬೆಳೆಯುವುದಿಲ್ಲ, ಗುಂಪುಗಳು ಬೆಳೆಯುತ್ತವೆ. ಆದರೆ ಅಲೆಯ ನಡುವೆ ದೋಣಿಯಲ್ಲಿ ಕುಳಿತವನಿಗೆ ಪಕ್ಕದವನ ಪಾಸ್‌ಪೋರ್ಟು ಮುಖ್ಯವಲ್ಲ, ಅವನು ಹಿಡಿದ ಹಗ್ಗ ಮುಖ್ಯ. ಇಬ್ಬರೂ ಸೇರಿ ಮೂರನೆಯವನಿಗಾಗಿ ದುಡಿಯುವಾಗ ಹುಟ್ಟುವ ವಿಶ್ವಾಸ ಭಾಷಣದಿಂದ ಹುಟ್ಟುವುದಲ್ಲ.

ಇದೇ ವಿಚಾರ ಪಠ್ಯಕ್ರಮಕ್ಕೂ ಇಳಿಯಿತು. 1968ರಲ್ಲಿ ಜಿನೀವಾದಲ್ಲಿ ‘ಇಂಟರ್‌ನ್ಯಾಶನಲ್ ಬ್ಯಾಕಲೊರಿಯೆಟ್’ ಸಂಸ್ಥೆ ಸ್ಥಾಪಿತವಾಯಿತು. ಇಂದು ನಾವು ಐ.ಬಿ. ಎನ್ನುವುದು ಇದನ್ನೇ. ಆಕ್ಸ್‌ಫರ್ಡಿನ ಶಿಕ್ಷಣತಜ್ಞ ಅಲೆಕ್ ಪೀಟರ್ಸನ್ ಅದರ ಮೊದಲ ಮಹಾನಿರ್ದೇಶಕರು. ಅಟ್ಲಾಂಟಿಕ್ ಕಾಲೇಜು ಬ್ರಿಟಿಷ್ ಪರೀಕ್ಷೆಗಳನ್ನು ಕೈಬಿಟ್ಟು ಐ.ಬಿ.ಯನ್ನು ಪೂರ್ಣವಾಗಿ ಒಪ್ಪಿಕೊಂಡಿತು. ಆರು ವಿಷಯಗಳ ಓದು, ಒಂದು ದೀರ್ಘ ಪ್ರಬಂಧ, ಜ್ಞಾನದ ಸ್ವರೂಪದ ವಿಚಾರ. ಇವುಗಳೊಂದಿಗೆ ಕಲೆ, ಶಾರೀರಿಕ ಚಟುವಟಿಕೆ ಮತ್ತು ಸೇವೆ. ಸೇವೆಯ ಪಾಲನ್ನು ಮಾಡದವನಿಗೆ ಡಿಪ್ಲೊಮಾ ಇಲ್ಲ.

ನಮ್ಮವರು ಅಷ್ಟಾಗಿ ಗಮನಿಸದ ಇನ್ನೊಂದು ಅಂಶವೂ ಅದರಲ್ಲಿದೆ. ಆರು ವಿಷಯಗಳಲ್ಲಿ ಒಂದು, ವಿದ್ಯಾರ್ಥಿಗೆ ಚೆನ್ನಾಗಿ ಬರುವ ಭಾಷೆಯ ಸಾಹಿತ್ಯ. ತನ್ನ ಮಾತೃಭಾಷೆಗೆ ಶಾಲೆಯಲ್ಲಿ ಅಧ್ಯಾಪಕರಿಲ್ಲದಿದ್ದರೆ, ಶಾಲೆಯ ಬೆಂಬಲದೊಂದಿಗೆ ಸ್ವಂತವಾಗಿ ಓದಿ ಅದರ ಸಾಹಿತ್ಯದಲ್ಲಿ ಪರೀಕ್ಷೆ ಬರೆಯುವ ದಾರಿಯನ್ನೂ ಅವರು ಇಟ್ಟರು. ಲೋಕವನ್ನು ಅರಿಯಲು ಹೊರಟವನು ಮೊದಲು ತನ್ನ ಭಾಷೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕೆಂಬ ತಿಳಿವಳಿಕೆ ಇದು. ಮನೆ ಗೆದ್ದು ಮಾರು ಗೆಲ್ಲು ಎಂದು ನಮ್ಮ ಹಿರಿಯರು ಹೇಳಿದ್ದೂ ಬೇರೆಯಲ್ಲ.

ಬೇರೆ ನೆಲಗಳಲ್ಲಿ

ಅಟ್ಲಾಂಟಿಕ್ ಕಾಲೇಜಿನ ಮಾದರಿಯಿಂದ ‘ಯುನೈಟೆಡ್ ವರ್ಲ್ಡ್ ಕಾಲೇಜು’ಗಳ ಕೂಟ ಬೆಳೆಯಿತು. ನಮಗೆ ವೈಸ್‌ರಾಯ್ ಎಂದು ಪರಿಚಿತರಾದ ಮೌಂಟ್‌ಬ್ಯಾಟನ್ ಅದರ ಅಧ್ಯಕ್ಷರಾಗಿ ದುಡಿದರು. ಒಂದೊಂದು ಶಾಲೆಯೂ ತಾನಿದ್ದ ನೆಲದ ನೋವಿಗೆ ತಕ್ಕ ಕೆಲಸ ಹಿಡಿದದ್ದು ಗಮನಾರ್ಹ. ಈಗ ಎಸ್ವಾಟಿನಿ ಎನ್ನುವ ಆಗಿನ ಸ್ವಾಜಿಲ್ಯಾಂಡಿನಲ್ಲಿ ಮೈಕೆಲ್ ಸ್ಟರ್ನ್ ಎಂಬವರು 1963ರಲ್ಲಿ ವಾಟರ್‌ಫರ್ಡ್ ಶಾಲೆ ತೆರೆದಿದ್ದರು. ಗಡಿಯಾಚೆ ದಕ್ಷಿಣ ಆಫ್ರಿಕದಲ್ಲಿ ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಎಂಬ ಕಾನೂನಿದ್ದ ಕಾಲ. ಇಲ್ಲಿ ಎಲ್ಲರಿಗೂ ಒಂದೇ ಬೆಂಚು. ಸೆರೆಯಲ್ಲಿದ್ದ ನೆಲ್ಸನ್ ಮಂಡೇಲರ ಹೆಣ್ಣುಮಕ್ಕಳು ಓದಿದ್ದು ಈ ಶಾಲೆಯಲ್ಲಿ. 1981ರಲ್ಲಿ ಅದು ಈ ಕೂಟವನ್ನು ಸೇರಿತು. ಬೋಸ್ನಿಯದ ಮೊಸ್ತಾರ್ ನಗರದಲ್ಲಿ ಯುದ್ಧಕಾಲದ 1993ರಲ್ಲಿ ಹಳೆಯ ಸೇತುವೆ ಗುಂಡಿಗೆ ಉರುಳಿತು, ಊರೇ ಎರಡು ಪಾಲಾಯಿತು. ಅಲ್ಲಿ 2006ರಲ್ಲಿ ಇಂಥ ಒಂದು ಕಾಲೇಜು ಆರಂಭವಾಗಿ, ಎರಡೂ ಪಾಲಿನ ಮಕ್ಕಳು ಹೊರದೇಶದವರ ಜೊತೆ ಒಂದೇ ತರಗತಿಯಲ್ಲಿ ಕುಳಿತರು.

ಇದೆಲ್ಲ ಪಶ್ಚಿಮದಿಂದಲೇ ಬಂದ ವಿಚಾರವೆಂದು ತಿಳಿಯಬೇಕಾಗಿಲ್ಲ. ಅಟ್ಲಾಂಟಿಕ್ ಕಾಲೇಜಿಗೆ ನಲವತ್ತು ವರ್ಷ ಮೊದಲೇ, 1921ರಲ್ಲಿ, ರವೀಂದ್ರನಾಥ ಟಾಗೋರರು ಶಾಂತಿನಿಕೇತನದಲ್ಲಿ ವಿಶ್ವಭಾರತಿಯನ್ನು ಸ್ಥಾಪಿಸಿದ್ದರು. ವಿಶ್ವವನ್ನು ಕರೆದು ಕೂರಿಸಿದವರು ಪಕ್ಕದ ಸುರುಲ್ ಹಳ್ಳಿಯನ್ನು ಮರೆಯಲಿಲ್ಲ. 1922ರ ಫೆಬ್ರುವರಿಯಲ್ಲಿ ಅಲ್ಲಿ ಗ್ರಾಮ ಪುನರ್ನಿರ್ಮಾಣದ ಕೇಂದ್ರ ಆರಂಭವಾಯಿತು; ಅದೇ ಮುಂದೆ ಶ್ರೀನಿಕೇತನ. ಇಂಗ್ಲೆಂಡಿನ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಕೃಷಿಯ ಕೆಲಸ ಹೊತ್ತರು, ಅಮೆರಿಕದ ಗ್ರೆಚೆನ್ ಗ್ರೀನ್ ಎಂಬಾಕೆ ಔಷಧಾಲಯ ನಡೆಸಿದರು. ಹಳ್ಳಿಯ ಹುಡುಗರೇ ‘ವ್ರತೀ ಬಾಲಕ’ ದಳ ಕಟ್ಟಿಕೊಂಡು ಮಲೇರಿಯದ ವಿರುದ್ಧ ನಿಂತರು.

ನಮಗೆ ತೀರ ಹತ್ತಿರದ ಉದಾಹರಣೆ ಪುಣೆ ಜಿಲ್ಲೆಯದು. ಮುಳಶಿ ತಾಲೂಕಿನ ಖುಬಾವಳಿಯ ಗುಡ್ಡದ ಮೇಲೆ 1997ರಲ್ಲಿ ಮಹೀಂದ್ರ ಯುನೈಟೆಡ್ ವರ್ಲ್ಡ್ ಕಾಲೇಜು ಆರಂಭವಾಯಿತು. ಕಲೆ, ಚಟುವಟಿಕೆ, ಸೇವೆ ಎಂಬ ಮೂರು ಹೊಳೆ ಕೂಡುವ ಕಾರ್ಯಕ್ರಮವನ್ನು ಅಲ್ಲಿ ‘ತ್ರಿವೇಣಿ’ ಎಂದು ಕರೆದರು. ದೂರದೇಶಗಳಿಂದ ಬಂದವರು ಸುತ್ತಲ ಹಳ್ಳಿಗಳಿಗೆ ಇಳಿದು ಕೆಲಸ ಮಾಡಬೇಕಾದರೆ ಮರಾಠಿಯ ನಾಲ್ಕು ಮಾತನ್ನಾದರೂ ಕಲಿಯಲೇಬೇಕು.

ಅಳತೆಗೋಲು

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಇವೆಲ್ಲ ಉಳ್ಳವರ ಶಾಲೆಗಳಲ್ಲವೇ? ಮಾತಿನಲ್ಲಿ ಸತ್ಯವಿದೆ. ಗುಮಾಸ್ತನ ಸಂಬಳದಲ್ಲಿ ಇವುಗಳ ಫೀಸು ಕೊಡುವುದು ಕನಸಿನ ಮಾತು. ಯುನೈಟೆಡ್ ವರ್ಲ್ಡ್ ಕಾಲೇಜುಗಳು ಆಯಾ ದೇಶದ ಸಮಿತಿಗಳ ಮೂಲಕ ಮಕ್ಕಳನ್ನು ಆರಿಸಿ, ಅಗತ್ಯವಿದ್ದವರಿಗೆ ವಿದ್ಯಾರ್ಥಿವೇತನ ಕೊಡುತ್ತ ಬಂದಿವೆ. ಆದರೂ ಅವು ಕೆಲವೇ ಕೆಲವು. ಐ.ಬಿ. ಶಾಲೆಗಳ ಸಂಖ್ಯೆಯಾದರೋ ಇಂದು ಜಗತ್ತಿನಲ್ಲಿ ಐದು ಸಾವಿರವನ್ನು ಮೀರಿದೆ. ಭಾರತದಲ್ಲಿ 1976ರಲ್ಲಿ ಕೊಡೈಕನಾಲಿನ ಶಾಲೆಯಿಂದ ಇದು ಮೊದಲಾಯಿತು. ಇಷ್ಟು ಬೆಳೆದಾಗ ಸೇವೆಯೆಂಬುದು ಎಷ್ಟೋ ಕಡೆ ಫೈಲಿಗೆ ಹಾಕುವ ಒಂದು ಸರ್ಟಿಫಿಕೇಟಾಗಿಬಿಡುವ ಅಪಾಯ ಇದ್ದೇ ಇದೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಫೋಟೊ ತೆಗೆಸಿಕೊಂಡು ಬರುವುದಕ್ಕೂ, ನೆರೆಯವನ ಕೂಗಿಗೆ ನಡುರಾತ್ರಿ ಎದ್ದು ದೋಣಿ ಇಳಿಸುವುದಕ್ಕೂ ಹೋಲಿಕೆಯುಂಟೇ?

ಆದುದರಿಂದಲೇ ಈ ಚರಿತ್ರೆ ನಮ್ಮಂಥ ಸಾಮಾನ್ಯರಿಗೂ ಬೇಕು. ಹಾನ್ ಮತ್ತು ಹೋರ್ ತೋರಿಸಿಕೊಟ್ಟ ಸಾರಕ್ಕೆ ಫೀಸಿಲ್ಲ. ನಗರಸಭೆಯ ಶಾಲೆಯಲ್ಲಿ ಓದುವ ಮಗುವೂ ಅದನ್ನು ಕಲಿಯಬಹುದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರು ಈ ಮುಂಬಯಿಯಲ್ಲಿ ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದ್ದನ್ನು ನಾವು ಬಲ್ಲೆವು. ಹಗಲೆಲ್ಲ ಲೋಟ ತೊಳೆದ ಕೈ ರಾತ್ರಿ ಸ್ಲೇಟು ಹಿಡಿಯಿತು. ಯಾವ ಜಿನೀವಾದ ಮಾದರಿಯನ್ನೂ ನೋಡಿ ಅವರು ಅದನ್ನು ಮಾಡಲಿಲ್ಲ.

ನಮ್ಮ ಮಕ್ಕಳ ಸ್ಥಿತಿಯೂ ಒಂದು ಬಗೆಯಲ್ಲಿ ಅಂತರರಾಷ್ಟ್ರೀಯ ಶಾಲೆಯ ಮಕ್ಕಳದೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತಮಿಳು, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಇದನ್ನು ಹೊರೆಯೆಂದು ತಿಳಿಯುವವರಿದ್ದಾರೆ. ಸರಿಯಾಗಿ ಬಳಸಿಕೊಂಡರೆ ಬಂಡವಾಳ. ಮಗು ಕನ್ನಡವನ್ನು ಓದಿ ಬರೆಯುವಂತಾಗಲಿ. ಜೊತೆಗೆ ನಾವಿರುವ ಊರಿನ ಭಾಷೆಯೂ ಅದಕ್ಕೆ ಬರಲಿ. ಸಂಘದ ರವಿವಾರದ ಕನ್ನಡ ತರಗತಿಯಲ್ಲಿ ಕಲಿತ ಮಗು, ಅದೇ ಓಣಿಯಲ್ಲಿ ಶಾಲೆ ಬಿಟ್ಟ ಇನ್ನೊಂದು ಮಗುವಿಗೆ, ಅದರ ಮನೆಮಾತು ಯಾವುದೇ ಇರಲಿ, ಲೆಕ್ಕ ಹೇಳಿಕೊಡಲಿ. ಮಳೆಗಾಲದಲ್ಲಿ ನೀರು ನುಗ್ಗುವ ಚಾಳಿನಲ್ಲಿ ಒಂಟಿಯಾಗಿರುವ ವೃದ್ಧರು ಯಾರು ಎಂಬುದು ನಮ್ಮ ಯುವಕರಿಗೆ ಮೊದಲೇ ತಿಳಿದಿರಲಿ. ಆ ಶಾಲೆಗಳು ಲಕ್ಷಗಟ್ಟಲೆ ತೆಗೆದುಕೊಂಡು ಕೊಡಬೇಕಾದದ್ದರ ಬಹುಪಾಲು ನಮ್ಮ ಸಂಘದ ಕೋಣೆಯಲ್ಲೇ ದೊರೆಯಬಲ್ಲದು.

ಸೇಂಟ್ ಡೊನಾಟ್ಸಿನ ಜೀವರಕ್ಷಕ ಕೇಂದ್ರ ಐವತ್ತು ವರ್ಷ ನಡೆದು 2013ರಲ್ಲಿ ಮುಚ್ಚಿತು. ಆದರೆ ಅದರ ಎರಡು ಪಕ್ಕದ ಪೋರ್ತ್‌ಕಾಲ್ ಮತ್ತು ಪೆನಾರ್ತ್ ಕೇಂದ್ರಗಳು ಆ ತೀರವನ್ನು ಕಾಯುತ್ತಿವೆ, ಅದೇ ಅಟ್ಲಾಂಟಿಕ್ ವರ್ಗದ ದೋಣಿಗಳಲ್ಲಿ. ಕಟ್ಟಿದ ಮಕ್ಕಳು ತಂತಮ್ಮ ದೇಶಗಳಿಗೆ ಹಿಂದಿರುಗಿ ಈಗ ಅಜ್ಜ-ಅಜ್ಜಿಯರಾಗಿರಬೇಕು. ದೋಣಿ ಮಾತ್ರ ಅಲ್ಲಿಯ ಜನರದಾಗಿ ಉಳಿದಿದೆ. ಮುಂದೆ ಯಾವುದಾದರೂ ಶಾಲೆಯ ಬಾಗಿಲಲ್ಲಿ ‘ಅಂತರರಾಷ್ಟ್ರೀಯ’ ಎಂಬ ಪದ ಕಂಡಾಗ, ಒಳಗೆ ಹೋಗಿ ಪ್ರಾಸ್ಪೆಕ್ಟಸ್ ಕೇಳುವ ಮೊದಲು, ಪಕ್ಕದ ಬೀದಿಯವರನ್ನು ಒಂದು ಮಾತು ವಿಚಾರಿಸೋಣ: ಈ ಶಾಲೆಯಿಂದ ನಿಮಗೇನಾದರೂ ಆಗಿದೆಯೇ? ಅವರ ಉತ್ತರಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವ ಬೋರ್ಡೂ ಕೊಡಲಾರದು.